ಹಿರಿಯರ ನಿದ್ರೆ, ಹಿರಿಯರ ನಿರ್ಧಾರ

ಗೊರಕೆಯನ್ನು ಗಾಢನಿದ್ರೆಯ ಕುರುಹೆಂದು ಭಾವಿಸುವ ರೂಢಿ ನಮ್ಮ ಮನೆಗಳಲ್ಲಿದೆ. 74 ವರ್ಷದ ನಮ್ಮ ಅಬ್ಬಾ ಜುಮಾ ಖುತ್ಬಾದ ನಡುವೆ ತೂಕಡಿಸಿದರೆ ವಯಸ್ಸಿನ ದಣಿವೆಂದೂ, ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಎದ್ದರೆ ಸಕ್ಕರೆ ಕಾಯಿಲೆಯೆಂದೂ ಬಂಧುಗಳು ಹೇಳುತ್ತಿದ್ದರು. ಅಮ್ಮಿ ಮಾತ್ರ ಬೇರೊಂದನ್ನು ಗಮನಿಸಿದ್ದರು. ಗೊರಕೆ ಥಟ್ಟನೆ ನಿಲ್ಲುತ್ತದೆ, ಎದೆ ಏರಿಳಿದರೂ ಉಸಿರು ಬರುವುದಿಲ್ಲ, ಆಮೇಲೆ ಬೆಚ್ಚಿದಂತೆ ಒಂದು ದೊಡ್ಡ ಉಸಿರು. ಇಂತಹ ವಿಷಯದಲ್ಲಿ ಪಕ್ಕದಲ್ಲಿ ಮಲಗುವವರ ಸಾಕ್ಷ್ಯಕ್ಕಿಂತ ಮಿಗಿಲಾದುದು ಯಾವುದಿದೆ?

ವೈದ್ಯರು ಇದನ್ನು ಸ್ಲೀಪ್ ಅಪ್ನಿಯಾ ಎಂದರು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದಕ್ಕೂ ಇದು ಕಾರಣವಾಗಬಲ್ಲದು. ಉಸಿರಿನ ತಡೆ ಗಂಟೆಗೆ 5ರಿಂದ 15 ಬಾರಿಯಾದರೆ ಸೌಮ್ಯ, 30 ಮುಟ್ಟಿದರೆ ತೀವ್ರ. ಅಬ್ಬಾರ ವರದಿಯಲ್ಲಿದ್ದ ಸಂಖ್ಯೆ 34.

ಅಂದು ಸಂಜೆಯೇ ನಮ್ಮ ಅಣ್ಣ ಸಿಪ್ಯಾಪ್ ಯಂತ್ರ ಕೊಳ್ಳಲು ಹೊರಟು ನಿಂತರು. ಮೂಗಿಗೆ ಮಾಸ್ಕ್ ತೊಡಿಸಿ, ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಯಂತ್ರವದು. ಅವರ ಕಾಳಜಿ ಪ್ರಾಮಾಣಿಕವೇ. ಆದರೆ ಅಬ್ಬಾ ಎದುರಿನಲ್ಲೇ ಕುಳಿತಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. ಮಗಳ ನಿಕಾಹ್‌ಗೆ ಮಶ್ವರಾ ನಡೆಸುವ ನಾವು, ಬುದ್ಧಿ ಸ್ಥಿಮಿತದಲ್ಲಿರುವ ತಂದೆಯ ದೇಹದ ವಿಷಯದಲ್ಲಿ ಅವರನ್ನೇ ಬಿಟ್ಟು ತೀರ್ಮಾನಿಸುವುದು ಖಿದ್ಮತ್ ಆಗಲಾರದು. ನಾವು ಅಣ್ಣನನ್ನು ತಡೆದು ಅಬ್ಬಾರನ್ನೇ ಕೇಳಿದೆವು.

"ಮಾಸ್ಕ್‌ಗಾಗಿ ಗಡ್ಡ ತೆಗೆಸಬೇಕಂತೆ. ಹಾಗಿದ್ದರೆ ನನಗೆ ಬೇಡ" ಎಂದರು. ಮಸೀದಿಯಲ್ಲಿ ಯಾರೋ ಹೇಳಿದ್ದ ಮಾತು. ಅದೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವರು ಮೌನವಾಗಿದ್ದರು.

ಮರುವಾರ ಅವರ ಪ್ರಶ್ನೆಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ವೈದ್ಯರಲ್ಲಿಗೆ ಹೋದೆವು. ಮುಖ ಮುಚ್ಚುವ ಮಾಸ್ಕ್‌ನಲ್ಲಿ ಗಡ್ಡದ ಸಂದಿನಿಂದ ಗಾಳಿ ಸೋರುವುದು ನಿಜ. ಆದರೆ ಮೂಗಿನ ಹೊಳ್ಳೆಗಳಿಗಷ್ಟೇ ಹೊಂದುವ ಸಣ್ಣ ಮಾಸ್ಕ್ ಇದೆ, ಗಡ್ಡಕ್ಕೆ ಕತ್ತರಿ ತಾಗಿಸಬೇಕಾಗಿಲ್ಲ. ಬಾಯಿಂದ ಉಸಿರಾಡುವವರಿಗೆ ಮಾತ್ರ ಅದು ಸಾಲದಿರಬಹುದು. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತಸಾಧನಕ್ಕೆ ಗಟ್ಟಿ ಹಲ್ಲು ಬೇಕು, ಅಬ್ಬಾರ ಹಲ್ಲುಗಳೆಲ್ಲ ಕಟ್ಟಿಸಿದವು. ಮಗ್ಗುಲಾಗಿ ಮಲಗುವುದೂ ತೂಕ ಇಳಿಸುವುದೂ ಒಳ್ಳೆಯದೇ, ಆದರೆ ಈ ತೀವ್ರತೆಗೆ ಅವಷ್ಟೇ ಸಾಲವು. ನಿದ್ರೆ ಮಾತ್ರೆಯನ್ನು ತಾವಾಗಿ ನುಂಗಲೇಬಾರದು, ಕೆಲವು ಮಾತ್ರೆಗಳು ಉಸಿರಿನ ತಡೆಯನ್ನು ಹೆಚ್ಚಿಸುತ್ತವೆ.

"ಇದರಿಂದ ಹೃದಯಾಘಾತ ತಪ್ಪುತ್ತದೆಯೇ ಡಾಕ್ಟರ್ ಸಾಹೇಬ್?" ಎಂದು ಅಬ್ಬಾ ಕೇಳಿದರು. ವೈದ್ಯರು ಸುಳ್ಳು ಭರವಸೆ ಕೊಡಲಿಲ್ಲ. ಹೃದ್ರೋಗ ಅಥವಾ ಮೆದುಳಿನ ರಕ್ತನಾಳದ ರೋಗವಿದ್ದವರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಯಂತ್ರ ಬಳಸಿದವರಿಗೂ ಬಳಸದವರಿಗೂ ಅಂತಹ ವ್ಯತ್ಯಾಸ ಕಾಣಲಿಲ್ಲವೆಂದರು. ಅದನ್ನು ಬಳಸಿದವರು ರಾತ್ರಿಗೆ ಸರಾಸರಿ ಮೂರು ಗಂಟೆ ಚಿಲ್ಲರೆಯಷ್ಟೇ ಬಳಸಿದ್ದರೆಂದೂ, ಹಗಲಿನ ತೂಕಡಿಕೆ ಮಾತ್ರ ಸ್ಪಷ್ಟವಾಗಿ ತಗ್ಗಿತ್ತೆಂದೂ ಹೇಳಿದರು.

ತೂಕಡಿಕೆ ಎಂದೊಡನೆ ಅಬ್ಬಾ ನೆಟ್ಟಗೆ ಕುಳಿತರು. ಮೊಮ್ಮಗನನ್ನು ದಿನವೂ ಸ್ಕೂಟರಿನಲ್ಲಿ ಮದ್ರಸಾಕ್ಕೆ ಬಿಡುವವರು ಅವರೇ. ತೂಕಡಿಕೆ ಇರುವವರೆಗೆ ವಾಹನ ಮುಟ್ಟಬಾರದೆಂದು ವೈದ್ಯರು ಹೇಳಿದಾಗ ಎದುರಾಡಲಿಲ್ಲ. "ಕೊಳ್ಳುವುದು ಬೇಡ, ಒಂದು ತಿಂಗಳು ಬಾಡಿಗೆಗೆ ತನ್ನಿ. ಆಮೇಲೆ ನಾನೇ ಹೇಳುತ್ತೇನೆ" ಎಂದರು.

ಈಗ ಮೂರನೆಯ ವಾರ. ಇಶಾ ಮುಗಿಸಿ ಮಾಸ್ಕ್ ತೊಟ್ಟು ಮಲಗುತ್ತಾರೆ. ತಹಜ್ಜುದ್‌ಗೆ ಎದ್ದಾಗ ತೆಗೆದಿಟ್ಟರೆ ಮತ್ತೆ ಹಾಕಿಕೊಳ್ಳುವುದು ಕೆಲವೊಮ್ಮೆ ಮಾತ್ರ. ಕರೆಂಟ್ ಹೋದರೆ ಇರಲೆಂದು ಅಣ್ಣ ಯಂತ್ರಕ್ಕೆ ಇನ್ವರ್ಟರ್ ಸಂಪರ್ಕ ಕೊಡಿಸಿದ್ದಾರೆ. ಸ್ಕೂಟರಿನ ಕೀಲಿ ಇನ್ನೂ ಅಮ್ಮಿಯ ಬಳಿಯಲ್ಲೇ ಇದೆ.