ಗೋಡೆಯ ಫೋಟೋ

ಮುಂಬಯಿಯ ಮನೆಗಳಲ್ಲಿ ಸಾಮಾನುಗಳೂ ಸುಮ್ಮನೆ ಕೂರುವಂತಿಲ್ಲ. ಏನಾದರೊಂದು ಕೆಲಸ ಮಾಡಿ ತಮ್ಮ ಪಾಲಿನ ಬಾಡಿಗೆ ತೀರಿಸಬೇಕು. ಹೀಗಿರುವಾಗ ವರ್ಷಗಟ್ಟಲೆ ಅಟ್ಟದ ಮೇಲೆ ಬಿಟ್ಟಿ ಮಲಗಿದ್ದ ಅಪ್ಪನ ಕ್ಯಾಮೆರಾವನ್ನು ಏನು ಮಾಡುತ್ತೀರಿ ಎಂದು ನನ್ನಾಕೆ ಪ್ರತಿ ದೀಪಾವಳಿಗೆ ಧೂಳು ಹೊಡೆಯುವಾಗಲೂ ಕೇಳುತ್ತಿದ್ದುದು ನ್ಯಾಯವೇ. ಆದರೆ ಕೊನೆಗೂ ಅದು ಕೆಳಗಿಳಿದದ್ದು ಅಮ್ಮನ ಮಾತಿನಿಂದ.

ಅಪ್ಪ 2019ರಲ್ಲಿ ತೀರಿಕೊಂಡರು. ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದವರು. ಊರಿನ ಮದುವೆ, ನಾಮಕರಣ, ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಅವರದೇ ಕ್ಯಾಮೆರಾ. ಆದರೆ ತೆಗೆಯುವವರ ಫೋಟೋ ತೆಗೆಯುವವರು ಯಾರು? ಕಾರ್ಯದ ದಿನ ಹಾರ ಹಾಕಲು ಒಂದು ಫೋಟೋ ಬೇಕೆಂದಾಗ ಮನೆಯಲ್ಲಿ ಸಿಕ್ಕಿದ್ದು ಗುರುತಿನ ಚೀಟಿಗೆಂದು ತೆಗೆಸಿದ್ದ ಒಂದಂಗುಲದ ಚಿತ್ರ. ಅದನ್ನೇ ಹಿಗ್ಗಿಸಿ ಚೌಕಟ್ಟು ಹಾಕಿಸಿದೆವು. ಅಮ್ಮ ಅದರ ಮುಂದೆ ದಿನವೂ ದೀಪ ಹಚ್ಚುತ್ತಾಳೆ, ಆದರೆ ಒಪ್ಪಿಕೊಂಡಿಲ್ಲ. "ಇದು ನಿಮ್ಮಪ್ಪ ಅಲ್ಲ ಕಣೋ, ಅವರ ಗುರುತಿನ ಚೀಟಿ" ಅನ್ನುತ್ತಾಳೆ.

ಕಳೆದ ವರ್ಷ ಒಂದು ಭಾನುವಾರ ಸೊಪ್ಪು ಬಿಡಿಸುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ, "ನಂದೊಂದು ಗೋಡೆಗೆ ಹಾಕೋ ಫೋಟೋ ತೆಗೆದಿಡಪ್ಪ. ಹೇಗೆ ಬಂದಿದೆ ಅಂತ ನಾನಿದ್ದಾಗಲೇ ನೋಡ್ಕೋತೀನಿ" ಅಂದಳು. "ಬಿಡ್ತು ಅನ್ನಿ ಅತ್ತೆ" ಎಂದು ನನ್ನಾಕೆ ಒಳಗಿನಿಂದ ಕೂಗಿದಳು. ಮೊಬೈಲಿನಲ್ಲಿ ಅಮ್ಮನ ನೂರಾರು ಚಿತ್ರಗಳಿವೆ ಎಂದು ನಾನು ತೋರಿಸಹೋದೆ. "ಅದರಲ್ಲಿ ಬೇಡ. ಅವರ ಕ್ಯಾಮೆರಾದಲ್ಲಿ ತೆಗಿ" ಅಂದಳು. ಎಪ್ಪತ್ತಾರು ದಾಟಿದವಳು ಕೇಳಿದ್ದು ಅದೊಂದೇ.

ಕ್ಯಾಮೆರಾ ಯಾಶಿಕಾ ಮ್ಯಾಟ್ 124ಜಿ. ಜಪಾನಿನಲ್ಲಿ 1970ರಿಂದ 1986ರವರೆಗೆ ತಯಾರಾದ ಮಾದರಿ; ನಮ್ಮ ಸ್ಟುಡಿಯೋದವರ ಕೈಯಲ್ಲಿ ಒಂದು ಕಾಲಕ್ಕೆ ಬಹಳ ಕಾಣುತ್ತಿದ್ದಂಥದು. ಒಂದರ ಮೇಲೊಂದು ಎರಡು ಮಸೂರಗಳು. ಮೇಲಿನದು ನಾವು ನೋಡುವುದಕ್ಕೆ, ಕೆಳಗಿನದು ಫಿಲ್ಮ್ ನೋಡುವುದಕ್ಕೆ. ಮೊದಲು ಅದನ್ನು ಬೋರಾ ಬಜಾರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ವೃದ್ಧರೊಬ್ಬರ ಬಳಿ ಒಯ್ದೆ. ಒಂದು ಸೆಕೆಂಡಿಗೆ ಇಟ್ಟರೆ ಶಟರು ಮೂರು ಸೆಕೆಂಡು ತೆರೆದೇ ಇರುತ್ತಿತ್ತು. ಒಳಗಿನ ಎಣ್ಣೆ ಅಂಟಾಗಿದೆ ಎಂದು ಬಿಚ್ಚಿ ತೊಳೆದುಕೊಟ್ಟರು. "ದಿನಾ ಫಿಲ್ಮಿಲ್ಲದೆ ಐವತ್ತು ಸಲ ಒತ್ತು. ಈ 'ವಿ' ಅಕ್ಷರ ಇದೆಯಲ್ಲ, ತಾನಾಗಿ ತೆಗೆಯೋದು, ಅದರ ತಂಟೆಗೆ ಮಾತ್ರ ಹೋಗಬೇಡ. ಸಿಕ್ಕಿಕೊಂಡರೆ ಮತ್ತೆ ನನ್ನ ಹತ್ತಿರವೇ ಬರಬೇಕು" ಎಂದು ಹಿಂದಿಯಲ್ಲಿ ಎಚ್ಚರಿಸಿದರು. ಗಿರಾಕಿ ಮರಳಿ ಬಾರದಿರಲಿ ಎಂದು ಹಾರೈಸುವ ವ್ಯಾಪಾರಿಯನ್ನು ಈ ಊರಿನಲ್ಲಿ ನಾನು ಕಂಡದ್ದು ಅದೇ ಮೊದಲು.

ಇದರ ಬೆಳಕಿನ ಮೀಟರು ಪಾದರಸದ ಬ್ಯಾಟರಿಯ ಲೆಕ್ಕಕ್ಕೆ ಮಾಡಿದ್ದು, 1.35 ವೋಲ್ಟು. ಆ ಬ್ಯಾಟರಿ ಈಗ ನಿಷಿದ್ಧ. ಇಂದಿನ 1.5 ವೋಲ್ಟಿನದನ್ನು ಹಾಕಿದರೆ ಮುಳ್ಳನ್ನು ನಂಬುವಂತಿಲ್ಲ. ಹಾಗಾಗಿ ಹಳಬರ ಸೂತ್ರವನ್ನೇ ಹಿಡಿದೆ: ಚೆನ್ನಾಗಿ ಬಿಸಿಲಿರುವಾಗ ರಂಧ್ರ 16ಕ್ಕೆ, ಶಟರು ಫಿಲ್ಮಿನ ವೇಗದ ಸಂಖ್ಯೆಗೆ ಹತ್ತಿರ. 400 ವೇಗದ ಫಿಲ್ಮಿಗೆ ಸೆಕೆಂಡಿನ 500ನೆಯ ಒಂದು ಭಾಗ. ನೆರಳಿದ್ದರೆ ಮೂರು ಮೆಟ್ಟಿಲು ಇಳಿಯಬೇಕು.

ಮೆಟ್ಟಿಲೆಂದರೆ 2.8, 4, 5.6, 8, 11, 16. ಬಿ.ಎಸ್ಸಿ.ಯಲ್ಲಿ ಬೆಳಕಿನ ಪಾಠದಲ್ಲಿ ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿ ಅಂಕ ಗಿಟ್ಟಿಸಿದ್ದೆ. ಅನಂತರ ಇಪ್ಪತ್ತು ವರ್ಷ ಕಚೇರಿಯ ಕಡತಗಳಲ್ಲಿ ಅವುಗಳ ನೆನಪೇ ಬರಲಿಲ್ಲ. ಈಗ ಮಸೂರದೊಳಗೆ ಇಣುಕಿದಾಗ ಅವು ಕಣ್ಣಿಗೆ ಕಂಡವು. ಮಸೂರದ ನಾಭಿದೂರ 80 ಮಿಲಿಮೀಟರು. ಅದನ್ನು 8ರಿಂದ ಭಾಗಿಸಿದರೆ ರಂಧ್ರದ ಅಗಲ 10 ಮಿಲಿಮೀಟರು, 16ರಿಂದ ಭಾಗಿಸಿದರೆ 5. ಅಗಲ ಅರ್ಧವಾದರೆ ಬೆಳಕು ಕಾಲುಭಾಗ. ಆದ್ದರಿಂದ ಬೆಳಕನ್ನು ಅರ್ಧ ಮಾಡಬೇಕಾದರೆ ಎರಡರ ವರ್ಗಮೂಲದಿಂದ ಮೆಟ್ಟಿಲು ಕಟ್ಟಬೇಕು. ನನ್ನ ಪದವಿಗೆ ಇಷ್ಟು ಒಳ್ಳೆಯ ಉಪಯೋಗ ಸರ್ಕಾರವೂ ಕಂಡುಕೊಂಡಿರಲಿಲ್ಲ.

ಕಷ್ಟವೆನಿಸಿದ್ದು ನೋಡುವ ಕೆಲಸ. ಮೇಲಿನ ಮುಚ್ಚಳ ತೆರೆದು, ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಮಸುಕು ಗಾಜಿನಲ್ಲಿ ನೋಡಬೇಕು. ಒಳಗೆ ಕನ್ನಡಿ ಇರುವುದರಿಂದ ಎಡ ಬಲವಾಗಿರುತ್ತದೆ. ಮುಖ ಎಡಕ್ಕೆ ಜರುಗಿತೆಂದು ಕ್ಯಾಮೆರಾವನ್ನು ಆ ಕಡೆ ತಿರುಗಿಸಿದರೆ ಅದು ಇನ್ನಷ್ಟು ದೂರ ಓಡುತ್ತದೆ. ಒಂದು ತಿಂಗಳು ಫಿಲ್ಮಿಲ್ಲದೆ ಎದುರು ಮನೆಯ ಬಟ್ಟೆ ಹಗ್ಗ, ಹಾಲಿನವನ ಸೈಕಲ್ಲು, ಗ್ಯಾಲರಿಯ ತುಳಸಿಗಿಡ ಎಲ್ಲದರ ಮೇಲೂ ಅಭ್ಯಾಸ ಮಾಡಿದೆ. ಹ್ಯಾಂಡಲನ್ನು ನಿಲ್ಲುವವರೆಗೆ ಮುಂದಕ್ಕೆ ತಿರುಗಿಸಿ, ಮತ್ತೆ ಹಿಂದಕ್ಕೆ ತಂದು ಅದರ ಜಾಗದಲ್ಲಿ ಇಡುವುದು ಕ್ರಮೇಣ ಕೈಗೆ ತಾನೇ ಬಂತು. ಆ ಕಿರ್‌ ಸದ್ದು ಕೇಳಿದರೆ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದು ನಿಲ್ಲುತ್ತಿದ್ದಳು.

ಅಪ್ಪ ಜನರನ್ನು ಹೇಗೆ ನಿಲ್ಲಿಸುತ್ತಿದ್ದರೆಂದು ತಿಳಿಯಲು ಹಳೆಯ ಆಲ್ಬಂ ತೆಗೆದೆ. ಅವರಿಗೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಎಂದರೆ ಪ್ರಾಣ; ಸಾಮಾನ್ಯ ಜನರನ್ನು ಅವರಿದ್ದಂತೆಯೇ ಹಿಡಿಯುತ್ತಾರೆ ಎಂದು ಅವರ ಚಿತ್ರಗಳನ್ನು ವಾರಪತ್ರಿಕೆಗಳಿಂದ ಕತ್ತರಿಸಿಡುತ್ತಿದ್ದರು. ಸ್ವಂತಕ್ಕೆ ಮಾತ್ರ ಅಪ್ಪ ಶಿಸ್ತಿನ ಮನುಷ್ಯ. ಸೂರ್ಯ ಬೆನ್ನಿಗಿರಬೇಕು, ಜನ ಸಾಲಾಗಿರಬೇಕು. ಫಿಲ್ಮು ಕೆಲವು ಸಲ ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು'. 1960ರಲ್ಲಿ ಹುಟ್ಟಿದ ಆ ಸರ್ಕಾರಿ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆಲ್ಬಮ್ಮಿನ ಪುಟ ತಿರುವುತ್ತಿದ್ದವನಿಗೆ ಒಂದು ಚಿತ್ರದ ಕೆಳ ಅಂಚಿನಲ್ಲಿ ಒಂದು ನೆರಳು ಕಂಡಿತು. ಬಗ್ಗಿದ ತಲೆ, ಎರಡೂ ಕಡೆಗೆ ಚಾಚಿದ ಮೊಣಕೈ. ಸಂಜೆಯ ಬಿಸಿಲು ಬೆನ್ನಿಗಿದ್ದರೆ ತೆಗೆಯುವವರ ನೆರಳು ಮುಂದೆ ಬೀಳಲೇಬೇಕಲ್ಲ. ಹುಡುಕುತ್ತ ಹೋದೆ. ಹದಿನಾಲ್ಕು ಚಿತ್ರಗಳಲ್ಲಿ ಅಪ್ಪ ಇದ್ದರು. ನನ್ನ ಬಾಲವಾಡಿಯ ಗುಂಪಿನಲ್ಲಂತೂ ಅವರ ತಲೆಯ ನೆರಳು ಸರಿಯಾಗಿ ನನ್ನ ಕಾಲ ಬಳಿಗೆ ಬಂದು ನಿಂತಿದೆ.

ಅಮ್ಮನನ್ನು ಕರೆದು ತೋರಿಸಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಗೊತ್ತು. ನಿಮ್ಮ ನೆರಳು ಬಿದ್ದಿದೆ ಅಂದ್ರೆ ರೇಗ್ತಿದ್ರು" ಅಂದಳು. ಆದರೆ ಆಲ್ಬಂ ಅಂದು ಅಟ್ಟಕ್ಕೆ ಹೋಗಲಿಲ್ಲ, ಅವಳ ದಿಂಬಿನ ಪಕ್ಕಕ್ಕೆ ಹೋಯಿತು.

ಕಡೆಗೆ ಮಾರ್ಗಶಿರದ ಒಂದು ಬೆಳಿಗ್ಗೆ ಮುಹೂರ್ತವಾಯಿತು. 120 ಫಿಲ್ಮಿನಲ್ಲಿ ಹನ್ನೆರಡೇ ಚಿತ್ರ. ಫಿಲ್ಮು, ತೊಳೆಯುವ ಖರ್ಚು ಸೇರಿದರೆ ಒಂದು ಒತ್ತಿಗೆ ಮಾಟುಂಗದಲ್ಲಿ ಒಂದು ಮಸಾಲೆ ದೋಸೆ ಬರುತ್ತದೆ. ಅಮ್ಮ ಕುಂಕುಮ ಬಣ್ಣದ ಮೈಸೂರು ಸಿಲ್ಕ್ ಉಟ್ಟಳು. ಕಪ್ಪು-ಬಿಳುಪು ಫಿಲ್ಮಿಗೆ ಬಣ್ಣ ಯಾವುದಾದರೇನು ಎಂದೆ. "ಉಟ್ಟವಳಿಗೆ ಗೊತ್ತಾಗುತ್ತಲ್ಲ" ಅಂದಳು. ಉತ್ತರದ ಗ್ಯಾಲರಿಯಲ್ಲಿ ಕುರ್ಚಿ ಹಾಕಿದೆ. ನೇರ ಬಿಸಿಲಿಲ್ಲ, ಮೆತ್ತನೆಯ ಬೆಳಕು. ರಂಧ್ರ 8, ಶಟರು 60. ಒಂದೂವರೆ ಮೀಟರಿನ ಅಂತರದಲ್ಲಿ ಈ ರಂಧ್ರಕ್ಕೆ ಒಂದು ಗೇಣಿಗಿಂತ ತುಸು ಹೆಚ್ಚು ಆಳ ಸ್ಪಷ್ಟವಾಗಿ ಬರುತ್ತದೆ. ಮುಖಕ್ಕೆ ಅಷ್ಟು ಸಾಕು.

ಮೊದಲ ಐದು ಚಿತ್ರಗಳಲ್ಲಿ ಅಮ್ಮ ಪಾಸ್‌ಪೋರ್ಟಿಗೆ ಕೂತಂತೆ ಕೂತಳು. ಆಮೇಲೆ ನಾನು ಬಹಳ ಹೊತ್ತು ತಲೆ ಎತ್ತದೆ ಗಾಜಿನಲ್ಲಿ ಅವಳ ಕಣ್ಣು ಸ್ಪಷ್ಟ ಮಾಡುತ್ತ ನಿಂತಿದ್ದೆ. ಇದುರಿಗಿರುವವರನ್ನು ಈ ಕ್ಯಾಮೆರಾ ದಿಟ್ಟಿಸುವುದಿಲ್ಲ. ತೆಗೆಯುವವನ ಕಣ್ಣು ಕೆಳಗಿರುತ್ತದೆ. "ನಿಮ್ಮಪ್ಪನೂ ಹೀಗೇ, ದೇವರ ಮುಂದೆ ನಿಂತಂಗೆ ನಿಲ್ತಿದ್ರು" ಎಂದು ಅಮ್ಮ ಶುರು ಮಾಡಿದಳು. ಮದುವೆಯಾದ ಹೊಸತರಲ್ಲಿ ಹಳೇಬೀಡಿಗೆ ಕರೆದೊಯ್ದದ್ದು, ಗುಡಿಯ ಮುಂದೆ ನಿಲ್ಲಿಸಿ 'ಸ್ವಲ್ಪ ಬಲಕ್ಕೆ' ಅಂದದ್ದು, ಇವಳು ಬಲಕ್ಕೆ ಹೋದರೆ 'ಅಲ್ಲ, ನನ್ನ ಬಲ' ಅಂದದ್ದು, ಹೀಗೆ ಗಂಡಹೆಂಡತಿ ಬಲ ಯಾವುದೆಂದು ತೀರ್ಮಾನವಾಗದೆ ಕೊನೆಯ ಬಸ್ಸು ತಪ್ಪಿದ್ದು. ಹೇಳುತ್ತ ನಕ್ಕಳು. ಈ ಮಸೂರದೊಳಗಿನ ಶಟರಿಗೆ ಸದ್ದೇ ಕಡಿಮೆ. ಎಂಟನೆಯದನ್ನು ಒತ್ತಿದ್ದು ಅವಳಿಗೆ ತಿಳಿಯಲೇ ಇಲ್ಲ.

ಫಿಲ್ಮನ್ನು ನಾನೇ ಬಚ್ಚಲಿನಲ್ಲಿ ತೊಳೆದೆ. ಮದ್ದು 20 ಡಿಗ್ರಿ ಇರಬೇಕು. ನಮ್ಮ ನಲ್ಲಿಯ ನೀರು ಅಷ್ಟು ತಣ್ಣಗೆ ಎಲ್ಲಿಂದ ಬರಬೇಕು? ಬಕೆಟ್ಟಿಗೆ ಮಂಜುಗಡ್ಡೆ ಸುರಿದು, ಥರ್ಮಾಮೀಟರು ಹಿಡಿದು ಕೂತೆ. ಏಳೂವರೆ ನಿಮಿಷ ಡೆವಲಪರು, ಆಮೇಲೆ ಹೈಪೊ. ಬೆಳಕು ತಾಗದ ಬೆಳ್ಳಿಯ ಲವಣ ಕರಗಿ ಹೋಗಿ ಹನ್ನೆರಡು ಚೌಕಗಳು ಉಳಿದವು. ಬಟ್ಟೆಯ ಕ್ಲಿಪ್ಪು ಹಾಕಿ ಷವರಿಗೆ ನೇತುಹಾಕಿದೆ. ಅಂದು ಸಂಜೆಯವರೆಗೆ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.

ಅಮ್ಮ ಅಚ್ಚುಗಳನ್ನು ಕನ್ನಡಕ ಒರೆಸಿ ಒರೆಸಿ ನೋಡಿದಳು. ರೇಷ್ಮೆಯ ಮಡಿಕೆ ಒಂದೊಂದೂ ಕಾಣುವ ಗಂಭೀರ ಚಿತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ಎಂಟನೆಯದನ್ನು ಹಿಡಿದುಕೊಂಡಳು. ಬಾಯಿ ಅರ್ಧ ತೆರೆದಿದೆ, ಬಿದ್ದುಹೋದ ಹಲ್ಲಿನ ಜಾಗ ಕಾಣುತ್ತದೆ. ಗೋಡೆಗೆ ಇದು ಚೆನ್ನಾಗಿರುವುದಿಲ್ಲ ಅತ್ತೆ ಎಂದು ನನ್ನಾಕೆ ಹೇಳಿ ನೋಡಿದಳು. "ಇರಲಿ, ಅವರು ಪಕ್ಕದಲ್ಲಿ ಹಾಗೆ ಬಿಗಿದುಕೊಂಡು ಕೂತಿದ್ದಾರೆ. ನಾನಾದ್ರೂ ನಗ್ತಾ ಇರ್ತೀನಿ" ಅಂದಳು ಅಮ್ಮ.

ಚೌಕಟ್ಟು ಹಾಕಿಸಿದ ಆ ಫೋಟೋ ಈಗ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಕಳೆದ ತಿಂಗಳು ಅರಿಶಿನ-ಕುಂಕುಮಕ್ಕೆ ಸಂಘದ ಹೆಂಗಸರು ಬಂದಾಗ ಅಮ್ಮ ಅದನ್ನು ಹೊರತೆಗೆದು, ಇದು ನನ್ನ ಗೋಡೆಯ ಫೋಟೋ ಎಂದು ಎಲ್ಲರಿಗೂ ತೋರಿಸಿದಳು. ಒಬ್ಬರು ಕಿವಿ ಮುಚ್ಚಿಕೊಂಡರು. ಇನ್ನೊಬ್ಬರು ಹೊರಡುವಾಗ ಬಾಗಿಲ ಬಳಿ ನಿಂತು, ತಮ್ಮ ಅತ್ತೆಯವರದೂ ಒಂದು ಇಂಥದು ತೆಗೆದುಕೊಡಲು ಆಗುತ್ತದೆಯೇ, ಎಷ್ಟಾಗುತ್ತದೆ ಎಂದು ಕೇಳಿದರು. ಎರಡು ರೋಲು ತರಿಸಿದ್ದೇನೆ.