ವನ್ನಿಯಲ್ಲಿ ಎಷ್ಟು ಜನ ಇದ್ದರು?

ಜಿಲ್ಲೆಯಲ್ಲಿ ಎಲ್ಲೇ ಬಸ್ಸು ಉರುಳಲಿ, ಮಳೆಗೆ ಗೋಡೆ ಕುಸಿಯಲಿ, ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ಜನ?’ ಠಾಣೆಗೆ ಒಂದು ಫೋನು, ಆಸ್ಪತ್ರೆಗೆ ಒಂದು ಫೋನು, ತಹಶೀಲ್ದಾರ್ ಕಚೇರಿಗೆ ಇನ್ನೊಂದು. ಮೂರೂ ಕಡೆ ಒಂದೇ ಅಂಕಿ ಬಂದರೆ ಸುದ್ದಿ ಕಳಿಸುತ್ತೇವೆ.

ಈ ಅಂಕಿಗೆ ಎಷ್ಟು ಬೆಲೆ ಇದೆ ಅಂತ ನೆರೆ ಕಂಡ ಊರಿನವರಿಗೆ ಹೇಳಬೇಕಾಗಿಲ್ಲ. ಬಿದ್ದ ಮನೆಗಳ ಪಟ್ಟಿಯಲ್ಲಿ ಹೆಸರಿದ್ದರೆ ಪರಿಹಾರ. ಹೆಸರಿಲ್ಲದಿದ್ದರೆ ಕಣ್ಣೆದುರು ಬಿದ್ದಿರುವ ಗೋಡೆಯೂ ಕಾಗದದಲ್ಲಿ ನಿಂತೇ ಇರುತ್ತದೆ.

ಹೀಗೆ ಲೆಕ್ಕ ಕೇಳುತ್ತಾ ತಿರುಗುವವನಾದ್ದರಿಂದಲೇ ಇರಬೇಕು, ಶ್ರೀಲಂಕಾದ ಅಂತರ್ಯುದ್ಧದ ಕೊನೆಯ ಐದು ತಿಂಗಳ ಬಗ್ಗೆ ಓದಿದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಬಂದೂಕು, ವಿಮಾನಗಳ ಕಥೆಯಲ್ಲ. ಅಲ್ಲಿ ಎಷ್ಟು ಜನ ಇದ್ದರು ಅನ್ನುವ ಪ್ರಶ್ನೆ.

ನಮ್ಮ ಕಡೆ ಎಲ್‌ಟಿಟಿಇ ಅಂದರೆ ಹಿರಿಯರಿಗೆ ನೆನಪಾಗುವುದು ರಾಜೀವ್ ಗಾಂಧಿ ಹತ್ಯೆ, ಆಮೇಲೆ 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ಹೆಣವಾಗಿ ಸಿಕ್ಕ ಶಿವರಾಸನ್. ಅದಕ್ಕೂ ಮೊದಲು ಶಾಂತಿಪಾಲನಾ ಪಡೆಯಾಗಿ ಹೋಗಿದ್ದ ನಮ್ಮ ಸೈನಿಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ಸತ್ತಿದ್ದರು. ಹಾಗಾಗಿ 2009ರ ಮೇ ತಿಂಗಳಲ್ಲಿ ಟಿವಿಯಲ್ಲಿ ಪ್ರಭಾಕರನ್ ಹೆಣ ತೋರಿಸಿದಾಗ ‘ಮುಗೀತಲ್ಲ’ ಅಂದುಕೊಂಡು ನಾವೆಲ್ಲ ಚಾನೆಲ್ ಬದಲಿಸಿದೆವು. ಆ ಹೆಣದ ಸುತ್ತಮುತ್ತ ಇನ್ನೆಷ್ಟು ಹೆಣ ಇದ್ದವು ಅಂತ ಆಗ ಯಾರೂ ಕೇಳಲಿಲ್ಲ.

ಯುದ್ಧ ಶುರುವಾಗಿದ್ದು 1983ರಲ್ಲಿ. ಕೊನೆಯ ಹೊತ್ತಿಗೆ ಹುಲಿಗಳ ಕೈಯಲ್ಲಿ ಉಳಿದಿದ್ದು ಉತ್ತರದ ವನ್ನಿ ಪ್ರದೇಶ. ಕಾಡು, ಕೆರೆ, ಗದ್ದೆಗಳ ನಾಡು. 2009ರ ಜನವರಿ 2ರಂದು ಹುಲಿಗಳ ರಾಜಧಾನಿಯಂತಿದ್ದ ಕಿಳಿನೊಚ್ಚಿ ಸೇನೆಯ ವಶವಾಯಿತು. ಒಂದೇ ವಾರದಲ್ಲಿ ಆನೆಯಿರವು, ತಿಂಗಳ ಕೊನೆಯೊಳಗೆ ಮುಲ್ಲೈತೀವು ಪಟ್ಟಣ. ಸೇನೆ ಪಶ್ಚಿಮದಿಂದ ತಳ್ಳುತ್ತಾ ಬಂದ ಹಾಗೆ ಜನ ಪಾತ್ರೆ ಪಗಡಿ, ಚಾವಣಿ ತಗಡು, ಸೈಕಲ್ಲು, ಟ್ರ್ಯಾಕ್ಟರ್ ಸಮೇತ ಪೂರ್ವದ ಕಡಲಿನತ್ತ ಸರಿಯುತ್ತಾ ಹೋದರು.

ಇದನ್ನು ನೋಡಿ ಬರೆಯುವವರು ಅಲ್ಲಿ ಇರಲಿಲ್ಲವೆಂದೇ ಹೇಳಬೇಕು. 2008ರ ಸೆಪ್ಟೆಂಬರ್‌ನಲ್ಲೇ ಸರ್ಕಾರ ವಿಶ್ವಸಂಸ್ಥೆಯ ಸಿಬ್ಬಂದಿಗೆ ವನ್ನಿ ಬಿಡಲು ಹೇಳಿತ್ತು. ಸ್ವತಂತ್ರ ಪತ್ರಕರ್ತರಿಗೆ ಯುದ್ಧಭೂಮಿಗೆ ಪ್ರವೇಶ ಇರಲಿಲ್ಲ. ಜನವರಿ 8ರಂದು ಕೊಲಂಬೊ ಬಳಿ ‘ಸಂಡೇ ಲೀಡರ್’ ಪತ್ರಿಕೆಯ ಸಂಪಾದಕ ಲಸಂತ ವಿಕ್ರಮತುಂಗೆ ಅವರನ್ನು ಕಚೇರಿಗೆ ಹೋಗುವ ದಾರಿಯಲ್ಲೇ ಕೊಂದರು. ಒಳಗಿದ್ದು ಸುದ್ದಿ ಕಳಿಸುತ್ತಿದ್ದ ತಮಿಳು ಪತ್ರಕರ್ತ ಪುಣ್ಯಮೂರ್ತಿ ಸತ್ಯಮೂರ್ತಿ ಫೆಬ್ರವರಿ 12ರಂದು ಶೆಲ್ ದಾಳಿಯಲ್ಲಿ ಸತ್ತರು. ಅವರೂ ಫ್ರೀಲಾನ್ಸ್ ಕೆಲಸದವರು, ನಮ್ಮ ಹಾಗೆ. ನಮ್ಮ ಈ ಕಸುಬಿನಲ್ಲಿ ಇರುವವರು ಇಂಥ ಸಾಲುಗಳನ್ನು ಓದಿ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ.

ಜನವರಿ ಮೂರನೇ ವಾರದಲ್ಲಿ ಸರ್ಕಾರ ಸುಮಾರು 35 ಚದರ ಕಿಲೋಮೀಟರ್ ಜಾಗವನ್ನು ‘ಗುಂಡು ಹಾರಿಸದ ವಲಯ’ ಅಂತ ಘೋಷಿಸಿ ಜನ ಅಲ್ಲಿಗೆ ಬನ್ನಿ ಎಂದಿತು. ಜನ ಹೋದರು. ಆಹಾರ ತಂದಿದ್ದ ವಿಶ್ವಸಂಸ್ಥೆಯ ಕೊನೆಯ ಲಾರಿ ಸಾಲಿನ ಜೊತೆ ಬಂದಿದ್ದ ಕೆಲವು ಸಿಬ್ಬಂದಿಯೂ ಅಲ್ಲೇ ಉಳಿದರು. ತಾವಿರುವ ಜಾಗ ಇದೇ ಅಂತ ಅವರು ಸೇನೆಗೆ ತಿಳಿಸಿದ್ದರು. ಆದರೂ ಜನವರಿ 24ರ ನಸುಕಿನಲ್ಲಿ ಅವರ ಬಂಕರಿನ ಸುತ್ತ ಶೆಲ್‌ಗಳು ಬಿದ್ದವು. ಬೆಳಗಾದಾಗ ಪಕ್ಕದಲ್ಲಿ ಆಶ್ರಯ ಪಡೆದಿದ್ದ ಕುಟುಂಬಗಳ ಹೆಣಗಳಿದ್ದವು, ಮಕ್ಕಳದ್ದೂ ಸೇರಿ. ಪುದುಕ್ಕುಡಿಯಿರುಪ್ಪಿನ ಆಸ್ಪತ್ರೆಯ ಮೇಲೂ ಮತ್ತೆ ಮತ್ತೆ ಶೆಲ್ ಬಿತ್ತು.

ಫೆಬ್ರವರಿಯಲ್ಲಿ ಎರಡನೇ ವಲಯ, ಸುಮಾರು 14 ಚದರ ಕಿಲೋಮೀಟರಿನ ಕಡಲಂಚಿನ ಮರಳು ಪಟ್ಟಿ. ಮೇ ತಿಂಗಳಲ್ಲಿ ಮೂರನೆಯದು, ಅದಕ್ಕಿಂತ ಎಷ್ಟೋ ಚಿಕ್ಕದು. ಮರಳಿನಲ್ಲಿ ಗುಂಡಿ ತೋಡಿದರೆ ಬದಿ ಜರಿಯುತ್ತದೆ. ಅದಕ್ಕೆ ಹೆಂಗಸರು ಸೀರೆಗಳನ್ನು ಚೀಲದ ಹಾಗೆ ಹೊಲಿದು, ಮರಳು ತುಂಬಿಸಿ ಸುತ್ತ ಪೇರಿಸಿದರು. ಮದುವೆಯ ರೇಷ್ಮೆ ಸೀರೆಗಳೂ ಹಾಗೇ ಹೋದವು. ಒಂದು ರೇಷ್ಮೆ ಸೀರೆಗೆ ಎಷ್ಟು ವರ್ಷ ದುಡ್ಡು ಕೂಡಿಡಬೇಕು ಅಂತ ನಮ್ಮೂರಿನ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ.

ಇದೆಲ್ಲ ಒಂದೇ ಕಡೆಯ ಪಾಪ ಅಲ್ಲ. ಹುಲಿಗಳು ಜನರನ್ನು ಹೊರಗೆ ಹೋಗಲು ಬಿಡಲಿಲ್ಲ, ತಮಗೆ ಗುರಾಣಿ ಮಾಡಿಕೊಂಡರು. ತಪ್ಪಿಸಿಕೊಂಡು ಓಡಿದವರ ಮೇಲೆ ಗುಂಡು ಹಾರಿಸಿದರು. ಮನೆಗೊಬ್ಬರಂತೆ ಶುರುವಾದ ಬಲವಂತದ ನೇಮಕ ಕೊನೆಕೊನೆಗೆ ಸಿಕ್ಕ ಸಿಕ್ಕ ಹುಡುಗ ಹುಡುಗಿಯರನ್ನು ಎಳೆದೊಯ್ಯುವವರೆಗೆ ಹೋಯಿತು. ಜನರ ಗುಡಾರಗಳ ನಡುವಿನಿಂದಲೇ ಫಿರಂಗಿ ಹಾರಿಸಿದರು. ತಮಿಳರಿಗಾಗಿ ಹೋರಾಡುತ್ತೇವೆ ಎಂದವರಿಂದಲೇ ಇದಾಯಿತು.

ಈಗ ಲೆಕ್ಕಕ್ಕೆ ಬರೋಣ. ಶ್ರೀಲಂಕಾದಲ್ಲಿ ಜಿಲ್ಲಾಡಳಿತದ ಕಚೇರಿಗೆ ಇವತ್ತೂ ‘ಕಚ್ಚೇರಿ’ ಅಂತಲೇ ಹೆಸರು, ನಮ್ಮ ಕಚೇರಿಯೇ. ಹುಲಿಗಳ ಆಳ್ವಿಕೆ ಇದ್ದಾಗಲೂ ಅಲ್ಲಿನ ಕಚ್ಚೇರಿಗಳನ್ನು ನಡೆಸುತ್ತಿದ್ದವರು ಸರ್ಕಾರದ ಸಂಬಳ ಪಡೆಯುವ ಅಧಿಕಾರಿಗಳು. ಪಡಿತರ ಹಂಚಬೇಕಾದ್ದರಿಂದ ಜನರ ಲೆಕ್ಕ ಅವರಲ್ಲಿತ್ತು. ಫೆಬ್ರವರಿಯಲ್ಲಿ ಅವರು ಹೇಳಿದ್ದು 3 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ ಅಂತ. ಕೊಲಂಬೊ ಸರ್ಕಾರ ಹೇಳಿದ್ದು ಸುಮಾರು 70 ಸಾವಿರ.

ಇದು ಕಾಗದದ ಜಗಳ ಅಲ್ಲ. ಎಷ್ಟು ಜನ ಅನ್ನುವುದರ ಮೇಲೆ ಎಷ್ಟು ಅಕ್ಕಿ, ಎಷ್ಟು ಔಷಧ ಅನ್ನುವುದು ತೀರ್ಮಾನವಾಗುತ್ತದೆ. ಪಟ್ಟಿಯಲ್ಲಿ ಇಲ್ಲದ ಬಾಯಿಗೆ ಗಂಜಿಯೂ ಇಲ್ಲ. ಅಷ್ಟೇ ಅಲ್ಲ, ಇದ್ದಾರೆ ಅಂತಲೇ ಒಪ್ಪದವರು ಸತ್ತರು ಅಂತ ಮುಂದೆ ಒಪ್ಪುವ ಪ್ರಶ್ನೆಯೇ ಬರುವುದಿಲ್ಲ.

ಏಪ್ರಿಲ್ 20ರಂದು ಸೇನೆ ಪುದುಮಾತ್ತಳನ್ ಬಳಿ ಹುಲಿಗಳು ಕಟ್ಟಿದ್ದ ಮಣ್ಣಿನ ಏರಿ ಒಡೆಯಿತು. ಕೆಲವೇ ದಿನಗಳಲ್ಲಿ ಹೊರಗೆ ಬಂದವರೇ 1 ಲಕ್ಷದ ಮೇಲಿದ್ದರು. ಮೇ 18ಕ್ಕೆ ಮುಲ್ಲಿವಾಯ್ಕಾಲ್‌ನಲ್ಲಿ ಯುದ್ಧ ಮುಗಿಯಿತು. ಕೊನೆಗೆ ಶಿಬಿರಗಳಲ್ಲಿ ತಂತಿಬೇಲಿಯ ಹಿಂದೆ ಇದ್ದವರು ಸುಮಾರು 2 ಲಕ್ಷ 80 ಸಾವಿರ. ಆ 70 ಸಾವಿರದ ಮಾತು ಎಲ್ಲಿಗೆ ಹೋಯಿತೋ. ಒಳಗೇ ಇದ್ದು ಗಾಯಾಳುಗಳ ಲೆಕ್ಕ ಹೊರಗೆ ತಿಳಿಸುತ್ತಿದ್ದ ಸರ್ಕಾರಿ ವೈದ್ಯರನ್ನು ಬಂಧಿಸಲಾಯಿತು. ಜುಲೈನಲ್ಲಿ ಬಂಧನದಲ್ಲಿದ್ದಾಗಲೇ ಅವರನ್ನು ಪತ್ರಿಕಾಗೋಷ್ಠಿಯಲ್ಲಿ ಕೂರಿಸಿ, ‘ನಾವು ಹೇಳಿದ್ದ ಅಂಕಿಗಳು ಸುಳ್ಳು’ ಅಂತ ಹೇಳಿಸಲಾಯಿತು.

ಸೇನೆ ಸತ್ತ ತನ್ನ ಸೈನಿಕರ ಲೆಕ್ಕ ಕೊಟ್ಟಿತು: 2006ರಿಂದ ಯುದ್ಧ ಮುಗಿಯುವವರೆಗೆ 6,261. ಬಿಡಿ ಸ್ಥಾನದವರೆಗೂ ಖಚಿತ. ಅವರಲ್ಲಿ ಬಹಳ ಮಂದಿ ಬಡ ಸಿಂಹಳ ಹಳ್ಳಿಗಳ ಹುಡುಗರು. ಅವರ ಹೆಸರು ದಾಖಲೆಯಲ್ಲಿ ಇರುವುದು ಸರಿಯೇ.

ನಾಗರಿಕರ ವಿಷಯಕ್ಕೆ ಬಂದರೆ ಅಂಕಿ ಜಾರತೊಡಗುತ್ತದೆ. ಕೊಲಂಬೊದಲ್ಲಿದ್ದ ವಿಶ್ವಸಂಸ್ಥೆಯ ತಂಡ ಒಂದೊಂದು ವರದಿಯನ್ನೂ ಬೇರೆ ಮೂಲಗಳೊಂದಿಗೆ ತಾಳೆ ನೋಡಿ, ಮೇ 13ರವರೆಗೆ 7,721 ಸಾವು ಅಂತ ಲೆಕ್ಕ ಇಟ್ಟಿತ್ತು. ಆ ಕೊನೆಯ ಅಂಕಿಯನ್ನು ಯುದ್ಧ ನಡೆಯುತ್ತಿದ್ದಾಗ ಬಹಿರಂಗ ಮಾಡಲಿಲ್ಲ. 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ, ಸತ್ತವರು 40 ಸಾವಿರದವರೆಗೂ ಇರಬಹುದು ಎಂದಿತು. ಸಂಸ್ಥೆ ತನ್ನ ಕರ್ತವ್ಯದಲ್ಲಿ ಸೋತಿತು ಅಂತ 2012ರಲ್ಲಿ ಅದರದೇ ಇನ್ನೊಂದು ವರದಿ ಬರೆಯಿತು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮನ್ನಾರ್‌ನ ಬಿಷಪ್ ರಾಯಪ್ಪು ಜೋಸೆಫ್ ಮಾಡಿದ ಲೆಕ್ಕ. 2011ರ ಜನವರಿಯಲ್ಲಿ ಸರ್ಕಾರವೇ ನೇಮಿಸಿದ್ದ ಆಯೋಗದ ಮುಂದೆ ಅವರು ಎರಡು ಅಂಕಿ ಇಟ್ಟರು. 2008ರ ಅಕ್ಟೋಬರ್‌ನಲ್ಲಿ ಕಚ್ಚೇರಿಗಳ ಪ್ರಕಾರ ವನ್ನಿಯಲ್ಲಿದ್ದ ಜನ 4,29,059. ವಿಶ್ವಸಂಸ್ಥೆಯ ಪ್ರಕಾರ 2009ರ ಜುಲೈ ಹೊತ್ತಿಗೆ ಸರ್ಕಾರದ ವಶಕ್ಕೆ ಬಂದವರು 2,82,380. ಕಳೆದರೆ ಉಳಿಯುವುದು 1,46,679.

ಅಷ್ಟೂ ಜನ ಸತ್ತಿದ್ದಾರೆ ಅಂತ ಅವರು ಹೇಳಲಿಲ್ಲ. ಇವರೆಲ್ಲ ಏನಾದರು ಹೇಳಿ ಅಂತ ಕೇಳಿದರು. ಕಚ್ಚೇರಿಯ ಅಂಕಿ ಹೆಚ್ಚಿರಬಹುದು, ಕೆಲವರು ದೋಣಿ ಹತ್ತಿ ಹೋಗಿರಬಹುದು. ಹಾಗಿದ್ದರೆ ಹೆಸರು ಹಿಡಿದು ಊರೂರು ತಿರುಗಿ ತಾಳೆ ನೋಡಲಿ. ಮೂರನೇ ಕ್ಲಾಸಿನ ಮಕ್ಕಳೂ ಮಾಡುವ ಕಳೆಯುವ ಲೆಕ್ಕ ಇದು. ಉತ್ತರ ಕೊಡದೆಯೇ ಅವರು 2021ರಲ್ಲಿ ತೀರಿಹೋಗುವವರೆಗೂ ಕಾಲ ತಳ್ಳಿದರು.

ಸೈನಿಕನಿಗೆ ನಂಬರ್ ಇರುತ್ತದೆ, ಸಂಬಳದ ಪುಸ್ತಕ ಇರುತ್ತದೆ, ಸತ್ತರೆ ಪಿಂಚಣಿ ಕೊಡಲಿಕ್ಕಾದರೂ ಹೆಸರು ಬರೆಯಲೇಬೇಕು. ಗದ್ದೆ ಬಿಟ್ಟು ಓಡಿಬಂದ ರೈತನಿಗೆ ಇದ್ದದ್ದು ಒಂದು ಪಡಿತರ ಪಟ್ಟಿ. ಅದನ್ನೇ ನಂಬುವುದಿಲ್ಲ ಅಂದುಬಿಟ್ಟರೆ ಅವನು ಹುಟ್ಟಿದ್ದಕ್ಕೂ ಸಾಕ್ಷಿ ಇಲ್ಲ, ಸತ್ತಿದ್ದಕ್ಕೂ ಇಲ್ಲ. ಜನಗಣತಿಯವರು, ರೇಷನ್ ಕಾರ್ಡಿನವರು ಮನೆಗೆ ಬಂದಾಗ ಹೆಸರು ಬರೆಸುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಮನವರಿಕೆಯಾಗಿದ್ದು ಈ ಮುಲ್ಲಿವಾಯ್ಕಾಲ್ ಕಥೆಯಿಂದ.

ಕೊನೆಯ ದಿನಗಳಲ್ಲಿ ಆ ಮರಳಿನ ಮೇಲೆ ಜನರಿಗೆ ಸಿಗುತ್ತಿದ್ದದ್ದು ನೀರಾದ ಅಕ್ಕಿ ಗಂಜಿ. ಈಗ ಪ್ರತಿ ಮೇ ತಿಂಗಳಲ್ಲಿ ಉತ್ತರ, ಪೂರ್ವದ ತಮಿಳು ಊರುಗಳಲ್ಲಿ ಅದೇ ಗಂಜಿ ಕಾಯಿಸಿ ಬೀದಿಯಲ್ಲಿ ಹಂಚುತ್ತಾರೆ. 2024ರಲ್ಲಿ ತ್ರಿಂಕೋಮಲಿ ಜಿಲ್ಲೆಯಲ್ಲಿ ಹಾಗೆ ಹಂಚಿದ್ದಕ್ಕೆ ಪೊಲೀಸರು ಹೆಂಗಸರನ್ನು ಬಂಧಿಸಿದರು. ಕಿಳಿನೊಚ್ಚಿಯಲ್ಲಿ 2017ರ ಫೆಬ್ರವರಿಯಲ್ಲಿ ಕಾಣೆಯಾದವರ ತಾಯಂದಿರು ಮಕ್ಕಳ ಫೋಟೊ ಹಿಡಿದು ರಸ್ತೆ ಬದಿ ಕೂತರು. ಕೂತವರಲ್ಲಿ ಎಷ್ಟೋ ಮಂದಿ ಉತ್ತರ ಸಿಗದೆ ಸತ್ತಿದ್ದಾರೆ. ಅವರ ಮಕ್ಕಳ ಫೋಟೊಗಳನ್ನು ಈಗ ಉಳಿದವರು ಹಿಡಿಯುತ್ತಾರೆ.