ಹದ್ದಿನ ಕೋಟೆಗೆ ಮೂವರು ಪಡ್ಡೆಗಳು!

ಫಾರಿನ್ ಎಂದರೆ ನಮ್ಮ ಚಿತ್ರರಸಿಕರಿಗೆ ಮೊದಲು ನೆನಪಾಗುವುದು ಹಾಡು. 1978ರಲ್ಲಿ ‘ಸಿಂಗಾಪುರದಲ್ಲಿ ರಾಜಾಕುಳ್ಳ’ ತೆರೆಗೆ ಬಂದು, ವಿಷ್ಣುವರ್ಧನ್ - ದ್ವಾರಕೀಶ್ ಜೋಡಿ ಸಮುದ್ರ ದಾಟಿದ ಮೇಲೆ ಹತ್ತಿದ ಹುಚ್ಚು ಇನ್ನೂ ಇಳಿದಿಲ್ಲ. ನಾಯಕ ಇಲ್ಲಿ ಕಣ್ಣು ಮುಚ್ಚಿದರೆ ಸಾಕು, ಹಿಮದ ಬೆಟ್ಟದ ಮೇಲೆ ಕಣ್ಣು ಬಿಡುತ್ತಾನೆ. ಪಲ್ಲವಿಗೊಂದು ಕೋಟು, ಚರಣಕ್ಕೊಂದು ಕೋಟು! ವೀಸಾ ಯಾರು ಕೊಟ್ಟರು, ರೂಮಿನ ಬಾಡಿಗೆ ಯಾರು ಕಟ್ಟಿದರು ಎಂದು ಗಾಂಧಿಕ್ಲಾಸಿನಲ್ಲಿ ಕುಳಿತವನು ಕೇಳುವುದಿಲ್ಲ. ಕೇಳಲೂ ಬಾರದು. ಹಾಡು ಕೆಡುತ್ತದೆ.

ಆದರೆ ಓದಲು ಹೋದವನು ಕೇಳಲೇಬೇಕು ಸ್ವಾಮೀ! ನಾನು ಜರ್ಮನಿಯ ಮ್ಯೂನಿಕ್ ಶಹರದಲ್ಲಿ ಎರಡು ವರ್ಷ ಓದಿದವನು. 2023ರಲ್ಲಿ ಅಲ್ಲಿಗೆ ಹೋಗುವ ನಮ್ಮಂಥ ವಿದ್ಯಾರ್ಥಿ ವೀಸಾಕ್ಕಾಗಿ ವರ್ಷದ ಖರ್ಚೆಂದು 11,208 ಯೂರೋ, ಅಂದರೆ ಸುಮಾರು ಹತ್ತು ಲಕ್ಷ ರೂಪಾಯಿ, ಮುಂಗಡವಾಗಿ ಖಾತೆಯಲ್ಲಿ ತೋರಿಸಬೇಕಿತ್ತು. ಹಣ ನಮ್ಮದೇ, ಆದರೆ ಬೀಗ ಅವರದು. ತಿಂಗಳಿಗೆ 934 ಯೂರೋ ಮಾತ್ರ ಕೈಗೆ. ಮ್ಯೂನಿಕ್ಕಿನ ಬಾಡಿಗೆ ಅದರಲ್ಲಿ ದೊಡ್ಡ ಪಾಲನ್ನು ನುಂಗಿ ನೀರು ಕುಡಿಯುತ್ತದೆ. ಉಳಿದದ್ದರಲ್ಲಿ ಅಕ್ಕಿ, ಬೇಳೆ, ವಿಮೆ, ಫೋನು. ಸಾಲದಿದ್ದರೆ ಗೋದಾಮಿನಲ್ಲಿ ರಾತ್ರಿ ಪಾಳಿ, ಗಂಟೆಗೆ 12 ಯೂರೋ. ಅದೂ ಬೇಕಾದಷ್ಟು ದಿನ ಮಾಡುವಂತಿಲ್ಲ. ಆಗ ವರ್ಷಕ್ಕೆ 120 ಪೂರ್ಣ ದಿನಗಳ ಮಿತಿಯಿತ್ತು. 2024ರ ಮಾರ್ಚಿನಿಂದ ಅದನ್ನು 140 ಮಾಡಿದರು.

ಇಷ್ಟೆಲ್ಲ ಕಂಜೂಸುತನದ ನಡುವೆ ದೇವರು ಕೊಟ್ಟ ವರವೆಂದರೆ ರೈಲು ಟಿಕೆಟ್. 2023ರ ಮೇ 1ರಿಂದ ಜರ್ಮನಿಯಲ್ಲಿ 49 ಯೂರೋ ಕೊಟ್ಟರೆ ಇಡೀ ತಿಂಗಳು, ಇಡೀ ದೇಶ ಸುತ್ತುವ ಟಿಕೆಟ್ ಬಂತು. ಎಕ್ಸ್‌ಪ್ರೆಸ್ ಗಾಡಿ ಹತ್ತುವಂತಿಲ್ಲ, ಊರೂರಿಗೂ ನಿಲ್ಲುವ ಗಾಡಿಯಾದರೆ ಯಾರೂ ಕೇಳುವುದಿಲ್ಲ. (ಬೆಲೆ ಆಮೇಲೆ ಏರಿತು, 2025ರಲ್ಲಿ 58 ಆಯಿತು.) ಭಾನುವಾರ ಅಲ್ಲಿ ಅಂಗಡಿ ಮುಂಗಟ್ಟು ಬಂದ್. ರೂಮಿನಲ್ಲಿ ಕೂತರೆ ಊರಿನ ನೆನಪು ಹತ್ತಿ ತಲೆ ಕೆಡುತ್ತದೆ. ಹಾಗಾಗಿ ಶುಕ್ರವಾರ ರಾತ್ರಿ ಚಪಾತಿ ಸುಟ್ಟುಕೊಂಡು, ಶನಿವಾರ ಬೆಳಗಿನ ಜಾವ ಬ್ಯಾಗು ಏರಿಸುವ ಹುಡುಗರ ದಂಡೇ ಅಲ್ಲಿದೆ.

ನಮ್ಮ ಮನೆಯಲ್ಲಿದ್ದವರು ಮೂವರು. ನಾನೊಬ್ಬ ಬೆಂಗಳೂರಿನವನು, ಧಾರವಾಡದವನೊಬ್ಬ, ಹಾಸನ ಜಿಲ್ಲೆಯ ಹಳ್ಳಿಯವನೊಬ್ಬ. ಹೆಸರು ಬೇಡ, ಊರಿನ ಹೆಸರಲ್ಲೇ ಕರೆಯೋಣ. ಧಾರವಾಡ ಮಾತಿನ ಮಲ್ಲ. ಹಾಸನ ಮೊದಲು ನಗುನಗುತ್ತಾ ಇದ್ದವನು, 2023ರ ಸೆಪ್ಟೆಂಬರ್ ಹೊತ್ತಿಗೆ ಮೂಕನಂತಾಗಿಬಿಟ್ಟಿದ್ದ. ಕಾರಣ ಒಂದು ಪೇಪರು. ಎರಡು ಸಲ ಬರೆದಿದ್ದ, ಎರಡೂ ಸಲ ಢಮಾರ್! ಜರ್ಮನಿಯ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಡ್ಡಾಯ ಪೇಪರಿಗೆ ಮೂರೇ ಅವಕಾಶ. ಮೂರನೆಯದೂ ಹೋದರೆ ಹೆಸರು ತೆಗೆದುಹಾಕುತ್ತಾರೆ. ಅದೇ ಕೋರ್ಸಿಗೆ ಆ ದೇಶದಲ್ಲಿ ಬೇರೆ ಕಡೆ ಸೇರುವುದೂ ದುಸ್ತರ. ವಾಸದ ಪರವಾನಗಿ ಓದಿಗೇ ಅಂಟಿಕೊಂಡಿರುವುದರಿಂದ ಅದಕ್ಕೂ ಕುತ್ತು. ಊರಲ್ಲಿ ಅವರಪ್ಪ ತೆಂಗಿನ ತೋಟ ಅಡ ಇಟ್ಟು ಸಾಲ ತಂದಿದ್ದರು. ಮಗ ಫೇಲಾದದ್ದು ಅವರಿಗೆ ಗೊತ್ತಿರಲಿಲ್ಲ. ದಿನಾ ಫೋನಿನಲ್ಲಿ “ಚೆನ್ನಾಗೈತೆ ಅಪ್ಪ, ಎಲ್ಲಾ ಚೆನ್ನಾಗೈತೆ” ಎನ್ನುತ್ತಿದ್ದ. ಮೂರು ವಾರ ರೂಮು ಬಿಟ್ಟು ಹೊರಗೆ ಬಂದಿರಲಿಲ್ಲ.

ಒಂದು ಶುಕ್ರವಾರ ಧಾರವಾಡಕ್ಕೆ ತಡೆಯಲಾಗಲಿಲ್ಲ. “ಯಾಕಲೇ, ಕೋಣ್ಯಾಗ ಕುಂತು ತತ್ತಿ ಇಡಾಕತ್ತೀ ಏನು? ಏಳು, ಬೆಟ್ಟಕ್ಕ ಹೋಗೂಣು.”

“ನೀವ್ ಹೋಗ್ರೋ. ನಂಗೆ ಓದೋದೈತೆ.”

“ಎಲ್ಲಿಗೆ ಅಂತ ಕೇಳೋ ಮೊದ್ಲು” ಅಂದೆ ನಾನು. “‘ವೇರ್ ಈಗಲ್ಸ್ ಡೇರ್’ ಕೋಟೆಗೆ!”

ಹಾಸನ ತಲೆ ಎತ್ತಿದ. ಮಿತ್ರರೇ, ಆ ಚಿತ್ರ ಅವರ ಮನೆದೇವರಿದ್ದಂತೆ! 1968ರ ಚಿತ್ರ. ರಿಚರ್ಡ್ ಬರ್ಟನ್, ಕ್ಲಿಂಟ್ ಈಸ್ಟ್‌ವುಡ್, ಬೆಟ್ಟದ ತುದಿಯಲ್ಲಿ ಜರ್ಮನ್ ಸೈನ್ಯದ ಕೋಟೆ, ತಂತಿಯ ಮೇಲೆ ತೂಗಾಡುವ ರೋಪ್‌ವೇ ಡಬ್ಬಿ, ಅದರ ನೆತ್ತಿಯ ಮೇಲೆ ಹೊಡೆದಾಟ... ಅವರಪ್ಪ ಹರೆಯದಲ್ಲಿ ಬೆಂಗಳೂರಿಗೆ ಬಂದಾಗ, ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ, ಅದನ್ನು ಮೂರು ಸಲ ನೋಡಿದ್ದರಂತೆ. ಮಗನಿಗೆ ಕಥೆ ಹೇಳಿ ಮಲಗಿಸುತ್ತಿದ್ದದ್ದೂ ಅದನ್ನೇ.

ಮರುದಿನ ಬೆಳಗ್ಗೆ ಮೂವರೂ ಗಾಡಿಯಲ್ಲಿದ್ದೆವು.

ಮ್ಯೂನಿಕ್ಕಿನಿಂದ ಗಡಿಯಾಚೆಯ ಸಾಲ್ಜ್‌ಬರ್ಗಿಗೆ ನಿಧಾನದ ಗಾಡಿಯಲ್ಲಿ ಸುಮಾರು ಎರಡು ಗಂಟೆ. ನಮ್ಮ 49ರ ಟಿಕೆಟ್ ಅಲ್ಲಿಯವರೆಗೂ ನಡೆಯುತ್ತದೆ. ಅಲ್ಲಿಂದ ಆಸ್ಟ್ರಿಯಾದ ಬೇರೆ ಟಿಕೆಟ್ ತೆಗೆದು ದಕ್ಷಿಣಕ್ಕೆ 40 ಕಿಲೋಮೀಟರ್ ಹೋದರೆ ವೆರ್ಫೆನ್ ಎಂಬ ಪುಟ್ಟ ಊರು. ಇಳಿದು ಕತ್ತೆತ್ತಿದರೆ... ಅಬ್ಬಾ! ಎರಡೂ ಕಡೆ ಗೋಡೆಯಂಥ ಪರ್ವತ, ನಡುವೆ ನದಿ, ನದಿಯ ನೆತ್ತಿಗೆ ಬಂಡೆ, ಬಂಡೆಯ ಮೇಲೆ ಹೋಹೆನ್‌ವೆರ್ಫೆನ್ ಕೋಟೆ! 11ನೇ ಶತಮಾನದಲ್ಲಿ ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ ಕಟ್ಟಿಸಲು ಶುರುಮಾಡಿದ್ದು. ಸೆರೆಮನೆಯೂ ಆಗಿತ್ತು. ಚಿತ್ರೀಕರಣ ನಡೆದ ಕಾಲಕ್ಕೆ ಅದು ನಿಜಕ್ಕೂ ಪೊಲೀಸರ ತರಬೇತಿ ಕೇಂದ್ರ! 1987ರವರೆಗೂ ಹಾಗೇ ಇತ್ತು. ‘ದಿ ಸೌಂಡ್ ಆಫ್ ಮ್ಯೂಸಿಕ್’ (1965) ಚಿತ್ರದಲ್ಲಿ ಮಕ್ಕಳು ಹುಲ್ಲುಗಾವಲಿನಲ್ಲಿ ಕೂತು ಸರಿಗಮ ಕಲಿಯುತ್ತಾರಲ್ಲ, ಅಲ್ಲಿ ಹಿಂದೆ ಕಾಣುವುದೂ ಇದೇ ಕೋಟೆ. ಒಂದೇ ಬಂಡೆ, ಒಂದರಲ್ಲಿ ಹಾಡು, ಇನ್ನೊಂದರಲ್ಲಿ ಬಾಂಬು.

ಕೋಟೆ ಸಂಜೆಗಿರಲಿ ಎಂದು ಮೊದಲು ಎದುರಿನ ಪರ್ವತದ ಮಂಜಿನ ಗುಹೆಗೆ ಹೊರಟೆವು. ಐಸ್‌ರೀಸನ್‌ವೆಲ್ಟ್ ಎಂದು ಅದರ ಹೆಸರು. 42 ಕಿಲೋಮೀಟರ್ ಉದ್ದ, ಪ್ರಪಂಚದಲ್ಲೇ ಅತಿ ದೊಡ್ಡ ಮಂಜಿನ ಗುಹೆ. ಮಂಜು ಇರುವುದು ಮೊದಲ ಒಂದು ಕಿಲೋಮೀಟರಿನಷ್ಟು. ಮೇಲಿನವರೆಗೆ ಹೋಗಲು 1955ರಿಂದ ರೋಪ್‌ವೇ ಇದೆ, ಮೂರು ನಿಮಿಷದ ಕೆಲಸ. ನಡೆದರೆ ಒಂದೂವರೆ ಗಂಟೆ. ರೋಪ್‌ವೇ ದುಡ್ಡಿನಲ್ಲಿ ಒಂದು ವಾರದ ತರಕಾರಿ ಬರುತ್ತದೆ. ನಡೆದೆವು!

ಏರು ಎಂದರೆ ಏರು. ಬಲಗಡೆ ಬಂಡೆ, ಎಡಗಡೆ ಪಾತಾಳ. ಅರ್ಧ ದಾರಿಗೆ ಮೋಡ ಇಳಿದು ಮುಂದಿದ್ದವನ ಬೆನ್ನೂ ಕಾಣದಂತಾಯಿತು. ಧಾರವಾಡದ ಮಾತೂ ನಿಂತಿತು, ಅದೇ ಒಂದು ಪವಾಡ. ಆಶ್ಚರ್ಯವೆಂದರೆ ಹಾಸನ ಮುಂದೆ. ತೋಟದಲ್ಲಿ ಬೆಳೆದ ಕಾಲು! “ಬಂಡೆ ಕಡೀಕೇ ಬರ್ರೋ, ಕಲ್ಲು ಜಾರ್ತೈತೆ” ಎಂದು ಕೂಗುತ್ತಾ ನಮ್ಮಿಬ್ಬರನ್ನೂ ಅವನೇ ಎಳೆದುಕೊಂಡು ಹೋದ.

ಗುಹೆಯ ಬಾಯಿ 1,641 ಮೀಟರ್ ಎತ್ತರದಲ್ಲಿದೆ. ನಮ್ಮ ನಂದಿಬೆಟ್ಟದ ತುದಿ 1,478. ಗೈಡ್ ನಮ್ಮ ಕೈಗೆ ಕಾರ್ಬೈಡ್ ದೀಪ ಕೊಟ್ಟ, ಬಾಗಿಲು ತೆರೆದ. ಒಳಗಿಂದ ನುಗ್ಗಿದ ಗಾಳಿಗೆ ಫಕ್ಕನೆ ದೀಪಗಳು ಆರಿಹೋದವು. ಬೇಸಿಗೆಯಲ್ಲಿ ಒಳಗಿನ ತಣ್ಣನೆಯ ಭಾರದ ಗಾಳಿ ಕೆಳಗಿನ ಬಾಯಿಂದ ಹೊರಕ್ಕೆ ಸುರಿಯುತ್ತದೆ, ಚಳಿಗಾಲದಲ್ಲಿ ಹೊರಗಿನ ಕೊರೆವ ಗಾಳಿ ಒಳಗೆ ಹೋಗುತ್ತದೆ. ವಸಂತದಲ್ಲಿ ಕರಗಿ ಸೋರಿದ ನೀರು ಆ ಶೀತಕ್ಕೆ ಹೆಪ್ಪುಗಟ್ಟಿ ಅರಮನೆಯಾಗುತ್ತದೆ. ಹತ್ತಲು 700, ಇಳಿಯಲು 700 ಮೆಟ್ಟಿಲು. ಫೋಟೋ ತೆಗೆಯುವಂತಿಲ್ಲ. ಗೈಡ್ ಮೆಗ್ನೀಷಿಯಂ ಪಟ್ಟಿ ಹೊತ್ತಿಸಿ ಮಂಜಿನ ಗೋಡೆಯ ಹಿಂದೆ ಹಿಡಿದಾಗ ಒಳಗಿಂದ ನೀಲಿ ಬೆಳಕು ಉಕ್ಕಿತು. ಯಾವ ಕ್ಯಾಮೆರಾಮನ್ನೂ ಅಂಥ ಲೈಟಿಂಗ್ ಮಾಡಿದ್ದು ನಾನು ಕಂಡಿಲ್ಲ.

ಒಳಗೊಂದು ದೊಡ್ಡ ಹಜಾರವಿದೆ. 1912ರಿಂದ ಈ ಗುಹೆಯನ್ನು ಶೋಧಿಸಿದ ಅಲೆಕ್ಸಾಂಡರ್ ಫಾನ್ ಮ್ಯೋರ್ಕ್ ಎಂಬ ತರುಣನ ಹೆಸರು ಅದಕ್ಕೆ. 1914ರಲ್ಲಿ ಮಹಾಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅವನ ಬೂದಿಯ ಕಲಶ ಅಲ್ಲೇ ಇದೆ. ಹಾಸನ ದೀಪ ಹಿಡಿದು ಅದರ ಮುಂದೆ ನಿಂತೇ ಬಿಟ್ಟ. ಗೈಡ್ ಕರೆದ ಮೇಲೇ ಹೊರಟದ್ದು.

ಇಳಿದು ಕೋಟೆಯ ಅಡಿಗೆ ಬಂದಾಗ ನಾಲ್ಕೂವರೆ. ಊರಲ್ಲಿ ರಾತ್ರಿ ಎಂಟು. ಮೋಡ ಸರಿದು ಕೋಟೆಗೆ ಬಿಸಿಲು ಬಿದ್ದಿತ್ತು. ಹಾಸನ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದ.

“ಅಪ್ಪಾ, ನೀನ್ ಹೇಳ್ತಿದ್ಯಲ್ಲ ಆ ಕ್ವಾಟೆ, ಅದ್ರ ಕೆಳಗೇ ನಿಂತಿದೀನಿ ನೋಡು.”

“ಏನ್ಲಾ ಅಂದೆ? ತಡಿ ತಡಿ, ಕನ್ನಡಕ ಹಾಕ್ಕತೀನಿ!”

ಆ ಕಡೆಯಿಂದ ಟೀವಿ ಧಾರಾವಾಹಿಯ ಸದ್ದು. ಒಂದು ನಿಮಿಷ ಅವರು ಉಸಿರೆತ್ತಲಿಲ್ಲ. ಹಾಸನ ಅದೇ ಉಸಿರಲ್ಲಿ, “ಅಪ್ಪಾ, ಇನ್ನೊಂದ್ ವಿಷ್ಯ. ಒಂದು ಪೇಪರ್ ಎರಡು ಸಲ ಹೋಗೈತೆ. ಇನ್ನೊಂದ್ ಸಲ ಹೋದ್ರೆ ವಾಪಸ್ ಬರಬೇಕಾಯ್ತದೆ” ಅಂದುಬಿಟ್ಟ.

ನಾನೂ ಧಾರವಾಡವೂ ಬೇರೆ ಕಡೆ ನೋಡುತ್ತಾ ನಿಂತೆವು. ಅಲ್ಲಿ ಯಾರೋ ಟೀವಿ ಆರಿಸಿದರು.

“ಸಾಲ ಮಾಡಿರೋನು ನಾನು. ನೀನ್ಯಾಕ್ಲಾ ಒಬ್ನೇ ಹೊತ್ಕಂಡಿದ್ದೆ?” ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, “ಬರ್ದು ನೋಡು. ಬರಂಗಾದ್ರೆ ಬಾ. ಊಟ ಆಯ್ತಾ? ಅದಿರ್ಲಿ, ಆ ರೋಪ್‌ವೇ ಎಲ್ಲೈತೆ, ತೋರ್ಸು.”

ಇಲ್ಲಿಲ್ಲ! ಕೋಟೆಗೆ ಆ ಥರದ ರೋಪ್‌ವೇ ಎಂದೂ ಇರಲಿಲ್ಲ. ರೋಪ್‌ವೇ ದೃಶ್ಯ ತೆಗೆದದ್ದು ಎಬೆನ್‌ಸೇ ಎಂಬ ಬೇರೆ ಊರಿನಲ್ಲಿ, 1927ರಿಂದ ಇರುವ ಫಾಯರ್‌ಕೋಗೆಲ್ ರೋಪ್‌ವೇಯಲ್ಲಿ. ಡಬ್ಬಿಯ ಮೇಲೆ ಹೊಡೆದಾಡಿದವನೂ ಬರ್ಟನ್ ಅಲ್ಲ, ಆಲ್ಫ್ ಜಾಯಿಂಟ್ ಎಂಬ ಡ್ಯೂಪ್. ಅಪ್ಪನಿಗೆ ಅಷ್ಟೆಲ್ಲ ಹೇಳಲು ಮನಸ್ಸು ಬರಲಿಲ್ಲ. ಧಾರವಾಡ ಮಾತ್ರ ಗಾಡಿಯಲ್ಲಿ, “ಪರೀಕ್ಷಾಕ್ಕೂ ಒಬ್ಬ ಡ್ಯೂಪ್ ಸಿಕ್ಕಿದ್ರ ಛಲೋ ಇತ್ತಲೇ” ಅಂದ. ಹಾಸನ ನಕ್ಕ. ಮೂರು ವಾರದ ಮೇಲೆ ಮೊದಲ ನಗು.

ವಾಪಸು ಬರುವಾಗ ಗಡಿಯ ಫ್ರೈಲಾಸಿಂಗ್ ನಿಲ್ದಾಣದಲ್ಲಿ ಪೊಲೀಸರು ಗಾಡಿ ಹತ್ತಿದರು. 2015ರಲ್ಲಿ ಆಸ್ಟ್ರಿಯಾ ಗಡಿಯಲ್ಲಿ ತಪಾಸಣೆ ಮತ್ತೆ ಶುರುವಾಗಿದೆ. ಆ ಕಡೆ ಹೋಗುವವರು ಪಾಸ್‌ಪೋರ್ಟ್, ವಾಸದ ಕಾರ್ಡು ಎರಡೂ ಜೇಬಿನಲ್ಲಿಡಿ. ಪೊಲೀಸ್ ಹಾಸನನ ಕಾರ್ಡನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟ. ನಮ್ಮ ಹುಡುಗ ಅದನ್ನು ಜೇಬಿಗೆ ಹಾಕದೆ ಮ್ಯೂನಿಕ್ ಬರುವವರೆಗೂ ಕೈಯಲ್ಲೇ ಹಿಡಿದಿದ್ದ.

ಮೂರನೇ ಸಲದ ಪರೀಕ್ಷೆ 2024ರ ಫೆಬ್ರವರಿಯಲ್ಲಿ. ಫಲಿತಾಂಶ 4.0. ಜರ್ಮನಿಯಲ್ಲಿ 1.0 ಎಂದರೆ ಮೊದಲ ದರ್ಜೆಯ ಮೇಧಾವಿ, 4.0 ಎಂದರೆ ಕೊನೆಯ ಪಾಸು. ಕೂದಲೆಳೆಯಲ್ಲಿ!

ಆ ವರ್ಷ ಜುಲೈನಲ್ಲಿ ಮೂವರೂ ಎಬೆನ್‌ಸೇಗೆ ಹೋದೆವು. ಈ ಸಲ ದುಡ್ಡಿನ ಮುಖ ನೋಡಲಿಲ್ಲ. ರೋಪ್‌ವೇ ಹತ್ತಿ, ಡಬ್ಬಿ ಸರೋವರದ ನೆತ್ತಿಗೆ ತೇಲುತ್ತಿದ್ದಂತೆ ಹಾಸನ ಅಪ್ಪನಿಗೆ ಫೋನ್ ಹಚ್ಚಿ ತಂತಿ, ಕಂಬ, ಪಾತಾಳ ಎಲ್ಲ ತೋರಿಸಿದ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

“ಅಲ್ಲಲೇ, ಅವ್ನು ಮೇಲ್ಗಡೆ ನಿಂತು ಹೊಡೆದಾಡಿದ್ದ. ನೀನು ಒಳಗೆ ಕೂತ್ಕಂಡಿದೀಯಲ್ಲೋ!”